ಸ್ಟ್ರೇಟ್ ರೇಜರ್ ಕಲಿಯುವವರಿಗೆ: ಹೆಚ್ಚಿನ ಕೆಲಸ ಇನ್ನೊಂದು ಕೈಯದು

ಸಲೂನಿನ ಕುರ್ಚಿಯಲ್ಲಿ ಕೂತು, ತಲೆ ಹಿಂದಕ್ಕೆ ಒರಗಿಸಿ, ಗಂಟಲನ್ನು ಇನ್ನೊಬ್ಬರ ಕತ್ತಿಗೆ ಒಪ್ಪಿಸಿ ನಾವು ಆರಾಮವಾಗಿ ಕಣ್ಣು ಮುಚ್ಚುತ್ತೇವೆ. ಟಿವಿಯಲ್ಲಿ ಮ್ಯಾಚ್ ಓಡುತ್ತಿರುತ್ತದೆ. ಕತ್ತಿ ಹಿಡಿದವರ ಒಂದು ಕಣ್ಣು ಸ್ಕೋರಿನ ಮೇಲೂ ಇರುತ್ತದೆ. ಆಗ ಇಲ್ಲದ ಭಯ, ಮನೆಯ ಕನ್ನಡಿ ಮುಂದೆ ನಾವೇ ಕತ್ತಿ ಹಿಡಿದಾಗ ಎಲ್ಲಿಂದಲೋ ಬಂದುಬಿಡುತ್ತದೆ. ಭಯ ಇರಲಿ, ಒಳ್ಳೆಯದೇ. ಆದರೆ ಹೆಚ್ಚಿನವರು ಕತ್ತಿಯ ಹರಿತಕ್ಕೆ ಹೆದರುತ್ತಾರೆ. ಹೆದರಬೇಕಾದದ್ದು ಮೊಂಡು ಕತ್ತಿಗೆ, ಸಡಿಲವಾದ ಚರ್ಮಕ್ಕೆ, ಒತ್ತುವ ಕೈಗೆ. ಈ ಮೂರನ್ನು ಸರಿಮಾಡಿಕೊಂಡರೆ ಸ್ಟ್ರೇಟ್ ರೇಜರಿನಲ್ಲಿ ಗಡ್ಡ ತೆಗೆಯುವುದು ಯಾರಾದರೂ ಕಲಿಯಬಹುದಾದ ಕೆಲಸ. ಸ್ವಲ್ಪ ತಾಳ್ಮೆ ಬೇಕು, ಅಷ್ಟೇ.

ಮೊದಲು ಒಂದು ಗೊಂದಲ ಬಗೆಹರಿಸೋಣ. ಸಲೂನಿನಲ್ಲಿ ಇವತ್ತು ಕಾಣುವ ಕತ್ತಿ ನಿಜವಾದ ಸ್ಟ್ರೇಟ್ ರೇಜರ್ ಅಲ್ಲ. ಅದೊಂದು ಹಿಡಿ ಮಾತ್ರ. ಗಿರಾಕಿ ಕೂತ ಮೇಲೆ ಹೊಸ ಬ್ಲೇಡನ್ನು ಕಾಗದದ ಸಮೇತ ಉದ್ದಕ್ಕೆ ಬಗ್ಗಿಸಿ, ಲಟಕ್ಕನೆ ಎರಡು ತುಂಡು ಮಾಡಿ, ಒಂದು ಅರ್ಧವನ್ನು ಅದರೊಳಗೆ ಕೂರಿಸುತ್ತಾರೆ. ಗಡ್ಡ ಮುಗಿದ ಮೇಲೆ ಆ ಅರ್ಧ ಕಸಕ್ಕೆ. ಹಿಂದೆ ಹೀಗಿರಲಿಲ್ಲ. ಒಂದೇ ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಮಸೆದು ಮಸೆದು ಎಲ್ಲರಿಗೂ ಬಳಸುತ್ತಿದ್ದರು. 1986ರಲ್ಲಿ ನಮ್ಮ ದೇಶದಲ್ಲಿ ಮೊದಲ ಸಲ ಎಚ್‌ಐವಿ ಪತ್ತೆಯಾಯಿತು. ಅದರ ಹಿಂದೆಯೇ ಬಂದ ಜಾಗೃತಿ ಪ್ರಚಾರದಲ್ಲಿ 'ಹೊಸ ಬ್ಲೇಡ್ ಹಾಕಿಸಿ' ಎನ್ನುವ ಮಾತು ಮನೆಮನೆಗೆ ಮುಟ್ಟಿತು. ಹೆಪಟೈಟಿಸ್ ಬಿ ಮತ್ತು ಸಿ ಕೂಡ ರಕ್ತದಿಂದ ಹರಡುವ ಕಾಯಿಲೆಗಳೇ. ಹತ್ತಾರು ಜನರ ಕತ್ತಿ ಓಡಾಡಿದ ಚರ್ಮದ ಪಟ್ಟಿಯನ್ನು ಕುದಿಸಿ ಶುದ್ಧ ಮಾಡುವುದಂತೂ ಆಗದ ಮಾತು. ಹಾಗಾಗಿ ಅರ್ಧ ಬ್ಲೇಡಿನ ಕತ್ತಿ ಬಂದದ್ದು ಸರಿಯೇ.

ಈ ಲೇಖನ ಹಳೆಯ ಬಗೆಯ ಕತ್ತಿಯ ಬಗ್ಗೆ. ಒಂದೇ ಉಕ್ಕಿನ ಅಲಗು, ಮಡಚಿಡಲು ಒಂದು ಹಿಡಿ. ಬಿಸಾಡುವಂಥದ್ದು ಏನೂ ಇಲ್ಲ. ಸರಿಯಾಗಿ ನೋಡಿಕೊಂಡರೆ ನಿಮ್ಮ ಮಗನಿಗೂ ಬರುತ್ತದೆ. ಆದರೆ ಒಬ್ಬರ ಕತ್ತಿ ಒಬ್ಬರಿಗೇ. ಮನೆಯಲ್ಲಿ ಅಣ್ಣ ತಮ್ಮ ಇಬ್ಬರಿಗೂ ಕಲಿಯುವ ಆಸೆ ಇದ್ದರೆ ಎರಡು ಕತ್ತಿ, ಎರಡು ಪಟ್ಟಿ ತರಬೇಕು.

ಕತ್ತಿ ಎಲ್ಲಿಂದ ಬಂತು, ಯಾಕೆ ಹೋಯಿತು

ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗೆನ್, ಫ್ರಾನ್ಸಿನ ಥಿಯೆರ್. ಕ್ಷೌರದ ಕತ್ತಿಗೆ ಹೆಸರಾದ ಊರುಗಳು ಇವು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ಮಾಡುವವರು ಶೆಫೀಲ್ಡ್ ಹತ್ತಿರ ಮೂಸೆಯಲ್ಲಿ ಉಕ್ಕು ಕರಗಿಸುವ ದಾರಿ ಕಂಡುಕೊಂಡರು. ಅವರಿಗೆ ಬೇಕಾಗಿದ್ದದ್ದು ಗಡಿಯಾರದ ಸ್ಪ್ರಿಂಗಿಗೆ ಒಳ್ಳೆಯ ಉಕ್ಕು. ಲಾಭವಾದದ್ದು ಕತ್ತಿ ಮಾಡುವವರಿಗೂ. ಎಲ್ಲ ಕಡೆ ಒಂದೇ ಹದವಿರುವ ಗಟ್ಟಿ ಉಕ್ಕು ಸಿಕ್ಕಿತು, ಅಂಚು ತೆಳುವಾಗಿಯೂ ನಿಲ್ಲುವಂತಾಯಿತು. ಆಮೇಲೆ ಅಲಗಿನ ಎರಡೂ ಮಗ್ಗುಲನ್ನು ಒಳಕ್ಕೆ ತೋಡಿ ಇನ್ನಷ್ಟು ತೆಳು ಮಾಡುವ ಕೆಲಸದಲ್ಲಿ ಸೋಲಿಂಗೆನ್ ಮುಂದೆ ಬಂತು. ಇವತ್ತಿಗೂ ಅಲ್ಲಿ ಕತ್ತಿ ತಯಾರಾಗುತ್ತದೆ. ಬೇರೆ ಊರಿನಲ್ಲಿ ಮಾಡಿದ ಕತ್ತಿ ಚಾಕುಗಳಿಗೆ ಆ ಊರಿನ ಹೆಸರು ಹಾಕದಂತೆ ಜರ್ಮನಿಯಲ್ಲಿ ಕಾನೂನೇ ಇದೆ.

ಆಗ ಶ್ರೀಮಂತರಿಗಾಗಿ ಏಳು ಕತ್ತಿಗಳ ಪೆಟ್ಟಿಗೆಯೂ ಸಿಗುತ್ತಿತ್ತು. ಒಂದೊಂದರ ಬೆನ್ನಿನ ಮೇಲೆ, ಅಂದರೆ ಹರಿತದ ಎದುರಿನ ದಪ್ಪ ಬದಿಯ ಮೇಲೆ, ಭಾನುವಾರ, ಸೋಮವಾರ ಎಂದು ವಾರದ ಹೆಸರು ಕೆತ್ತಿರುತ್ತಿದ್ದರು. ಇವತ್ತು ಬಳಸಿದ ಕತ್ತಿಗೆ ಇನ್ನಾರು ದಿನ ವಿಶ್ರಾಂತಿ. ಉಕ್ಕಿಗೆ ವಿಶ್ರಾಂತಿ ಯಾಕೆ ಬೇಕೋ, ಪೆಟ್ಟಿಗೆ ಮಾತ್ರ ನೋಡಲು ಚಂದ.

ಇದಕ್ಕೆಲ್ಲ ಕೊನೆ ಹಾಡಿದ್ದು ಅಮೆರಿಕದ ಕಿಂಗ್ ಜಿಲೆಟ್. 1903ರಲ್ಲಿ, ಮಾರಾಟಕ್ಕಿಳಿದ ಮೊದಲ ವರ್ಷ, ಅವರ ಕಂಪನಿ ಮಾರಿದ್ದು ಬರೀ 51 ರೇಜರ್ ಮತ್ತು 168 ಬ್ಲೇಡ್. ಮರುವರ್ಷ ರೇಜರುಗಳ ಲೆಕ್ಕ 90 ಸಾವಿರ ದಾಟಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಚೀಲಕ್ಕೆ ಇದೇ ರೇಜರ್ ಬಂತು. ಊರಿಗೆ ವಾಪಸಾದವರು ಅಪ್ಪನ ಕತ್ತಿ ಕಡೆ ತಿರುಗಿ ನೋಡಲಿಲ್ಲ.

ನಮ್ಮಲ್ಲಿ ಕಥೆ ಬೇರೆ. ಯುರೋಪಿನಲ್ಲಿ ಗಂಡಸರು ಮನೆಯಲ್ಲೇ ಕತ್ತಿ ಹಿಡಿದು ಕಲಿತರು. ನಮ್ಮ ಊರುಗಳಲ್ಲಿ ಇದು ಒಂದು ಕಸುಬು. ಸವಿತಾ ಸಮಾಜದ, ಹಡಪದ ಮನೆತನಗಳ ಕೈಯಲ್ಲಿ ತಂದೆಯಿಂದ ಮಗನಿಗೆ ಬಂದ ವಿದ್ಯೆ. ಕಟ್ಟೆ ಮೇಲೆ ಕೂತವರ ಎದುರು ಕುಕ್ಕರಗಾಲಲ್ಲಿ ಕೂತು, ಒಂದು ಬಟ್ಟಲು ನೀರಿನಲ್ಲಿ ಕೆಲಸ ಮುಗಿಸುತ್ತಿದ್ದರು. ಅದಕ್ಕೇ ನಮ್ಮ ಮನೆಗಳ ಅಟ್ಟದಲ್ಲಿ 'ಅಜ್ಜನ ಕ್ಷೌರದ ಕತ್ತಿ' ಸಿಗುವುದು ಅಪರೂಪ. ಅಜ್ಜನಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ಈಗ ಕಲಿಯಲು ಹೊರಟವರಿಗೆ ಒಂದು ಅನುಕೂಲವೂ ಇದೆ. ಐವತ್ತು ದಾಟಿದ ಕ್ಷೌರಿಕರು ನಿಮ್ಮ ಬೀದಿಯಲ್ಲಿದ್ದರೆ, ಯಾವ ವಿಡಿಯೊಗಿಂತಲೂ ಚೆನ್ನಾಗಿ ಅವರೇ ಕಲಿಸಬಲ್ಲರು. ನಯವಾಗಿ ಕೇಳಬೇಕು, ಅವರ ಸಮಯಕ್ಕೆ ದುಡ್ಡೂ ಕೊಡಬೇಕು.

ಕೊಳ್ಳುವಾಗ

ಕತ್ತಿಯ ಅಗಲವನ್ನು ಇಂಚಿನ ಎಂಟನೇ ಭಾಗಗಳಲ್ಲಿ ಹೇಳುತ್ತಾರೆ. ಹೊಸಬರಿಗೆ 5/8 ಇಂಚು, ಅಂದರೆ ಸುಮಾರು 16 ಮಿಲಿಮೀಟರ್, ಸರಿಯಾದ ಅಳತೆ. 6/8 ಕೂಡ ನಡೆಯುತ್ತದೆ. ಅದಕ್ಕಿಂತ ಅಗಲವಾದದ್ದು ಮೂಗಿನ ಕೆಳಗೆ ಹೋದಾಗ ಕಷ್ಟ ಕೊಡುತ್ತದೆ. ತುದಿ ದುಂಡಗಿರಲಿ. ಚೌಕ ತುದಿಯ ಮೂಲೆ ಚೂಪಾಗಿರುತ್ತದೆ, ಕಿವಿಯ ಹತ್ತಿರ ಗೊತ್ತೇ ಆಗದಂತೆ ಗೀರಿಬಿಡುತ್ತದೆ. ಮಿಕ್ಕದ್ದು ನಿಮ್ಮಿಷ್ಟ. ಹಿಡಿ ಮರದ್ದೋ ಪ್ಲಾಸ್ಟಿಕ್ಕಿನದ್ದೋ, ಗಡ್ಡಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಸೋಲಿಂಗೆನ್ನಿನ ಹೊಸ ಕತ್ತಿ ಬೇಕೆಂದರೆ ಹತ್ತು ಸಾವಿರದ ಮೇಲೆ ತೆಗೆದಿಡಬೇಕು. ಆನ್‌ಲೈನಿನಲ್ಲಿ ಐನೂರು ರೂಪಾಯಿಗೂ ಫಳಫಳ ಹೊಳೆಯುವ ಕತ್ತಿ ಸಿಗುತ್ತದೆ, ಚಿತ್ರದಲ್ಲಿ ಎರಡಕ್ಕೂ ಫರಕು ಕಾಣುವುದಿಲ್ಲ. ಅಂಥದ್ದರಲ್ಲಿ ಎಷ್ಟೋ ಕತ್ತಿಗಳ ಉಕ್ಕು ಮೆದು, ಬೆನ್ನು ಸೊಟ್ಟ. ಕಲ್ಲಿನ ಮೇಲೆ ಎಷ್ಟು ಉಜ್ಜಿದರೂ ಗಡ್ಡ ತೆಗೆಯುವ ಹರಿತ ಬರುವುದಿಲ್ಲ. ಹೊಸಬರು ಇದನ್ನು ತಂದು, ಎರಡು ಸಲ ಕೆನ್ನೆ ಕೆರೆದುಕೊಂಡು, 'ಇದು ನಮಗಲ್ಲ' ಎಂದು ಬಿಟ್ಟುಬಿಡುತ್ತಾರೆ. ತಪ್ಪು ಅವರದ್ದಲ್ಲ.

ನಡುವಿನ ದಾರಿ ಹಳೆಯ ಕತ್ತಿ. ಚೋರ್ ಬಜಾರಿನಂಥ ಜಾಗದಲ್ಲೋ, ಹಳೆ ಸಾಮಾನು ಮಾರುವವರ ಹತ್ತಿರವೋ ಶೆಫೀಲ್ಡಿನದ್ದು ಕಣ್ಣಿಗೆ ಬಿದ್ದರೆ ಹಿಡಿಯ ಹತ್ತಿರ, ಅಲಗಿನ ಬುಡದಲ್ಲಿರುವ ಮುದ್ರೆ ಓದಿ. ಜೋಸೆಫ್ ರಾಜರ್ಸ್ ಕಂಪನಿಯ ಮಾಲಿನ ಮೇಲೆ ಒಂದು ನಕ್ಷತ್ರ, ಒಂದು ಮಾಲ್ಟೀಸ್ ಶಿಲುಬೆ ಇರುತ್ತದೆ. ಅಮೆರಿಕ 1890ರಲ್ಲಿ ಒಂದು ಸುಂಕದ ಕಾನೂನು ತಂದು, ಹೊರಗಿನಿಂದ ಬರುವ ಮಾಲಿನ ಮೇಲೆ ದೇಶದ ಹೆಸರು ಇರಲೇಬೇಕು ಎಂದಿತು. ಹಾಗಾಗಿ ಬರೀ 'ಶೆಫೀಲ್ಡ್' ಎಂದಿದ್ದು 'ಇಂಗ್ಲೆಂಡ್' ಎಂದಿಲ್ಲದಿದ್ದರೆ, ಕತ್ತಿ ಅದಕ್ಕಿಂತ ಹಳೆಯದಿರಬಹುದು ಎಂದು ಸಂಗ್ರಹಕಾರರು ಅಂದಾಜು ಕಟ್ಟುತ್ತಾರೆ. ಅಂಚಿನಲ್ಲಿ ಬಿರುಕೋ, ಆಳದ ತುಕ್ಕಿನ ಗುಳಿಯೋ ಕಂಡರೆ ಮುದ್ರೆ ಎಷ್ಟೇ ಚಂದವಿದ್ದರೂ ಬಿಟ್ಟುಬಿಡಿ. ಹಿಡಿ ಆನೆದಂತದ್ದು ಎಂದು ಮಾರುವವರು ಹೆಮ್ಮೆಯಿಂದ ಹೇಳಿದರೆ ಇನ್ನೂ ಬೇಗ ಬಿಡಿ. ಆನೆದಂತದ ವ್ಯಾಪಾರ ನಮ್ಮಲ್ಲಿ ಅಪರಾಧ.

ಅರ್ಧ ಬ್ಲೇಡಿನ ಸಲೂನ್ ಕತ್ತಿಯಲ್ಲೇ ಕಲಿಯಬಹುದಲ್ವಾ ಎಂದು ಕೇಳಬಹುದು. ಕಲಿಯಬಹುದು. ಅಗ್ಗ, ಮಸೆಯುವ ತಾಪತ್ರಯವಿಲ್ಲ. ಆದರೆ ಅದು ಸುಲಭ ಎನ್ನುವುದು ತಪ್ಪು ತಿಳುವಳಿಕೆ. ಹಿಡಿ ಹಗುರ, ಬ್ಲೇಡ್ ತೆಳು, ಎರಡು ತುದಿಯ ಮೂಲೆಗಳೂ ಚೂಪು. ಕೋನ ಸ್ವಲ್ಪ ತಪ್ಪಿದರೂ ಕಚ್ಚುತ್ತದೆ. ನಿಜವಾದ ಕತ್ತಿಗೆ ತನ್ನದೇ ಭಾರವಿದೆ, ಸುಮಾರು ಐವತ್ತು ಗ್ರಾಂ. ಕೂದಲು ಕಡಿಯುವ ಸದ್ದು ಅಲಗಿನಲ್ಲಿ ಕೇಳುತ್ತದೆ, ಬೆರಳಿಗೆ ಗೊತ್ತಾಗುತ್ತದೆ. ಹೊಸಬರ ಸಣ್ಣಪುಟ್ಟ ತಪ್ಪನ್ನು ಅದು ಸ್ವಲ್ಪ ಸಹಿಸಿಕೊಳ್ಳುತ್ತದೆ. ಇಷ್ಟವಾಗುತ್ತದೋ ಇಲ್ಲವೋ ಎಂದು ನೋಡಲು ಮಾತ್ರ ಅರ್ಧ ಬ್ಲೇಡಿನದ್ದು ಸಾಕು.

ಚರ್ಮದ ಪಟ್ಟಿ

ಕತ್ತಿಯ ಜೊತೆ ಬೇಕೇ ಬೇಕಾದದ್ದು ಮಸೆಯುವ ಪಟ್ಟಿ. ಒಂದು ಕಡೆ ದಪ್ಪ ಬಟ್ಟೆ, ಇನ್ನೊಂದು ಕಡೆ ಚರ್ಮ. ಕೊಕ್ಕೆಗೆ ಸಿಕ್ಕಿಸಿ ಇನ್ನೊಂದು ತುದಿಯನ್ನು ಬಿಗಿಯಾಗಿ ಎಳೆದು ಹಿಡಿಯುತ್ತಾರೆ. ಸಾಣೆಕಲ್ಲು ಲೋಹವನ್ನು ಸವೆಸಿ ಹೊಸ ಅಂಚು ಮಾಡುತ್ತದೆ. ಪಟ್ಟಿ ಇರುವ ಅಂಚನ್ನು ಸರಿಮಾಡಿ ನಯಗೊಳಿಸುತ್ತದೆ. ಕಲ್ಲು ಕೆಲವು ತಿಂಗಳಿಗೊಮ್ಮೆ, ಪಟ್ಟಿ ಪ್ರತಿ ಸಲ.

ನಿಯಮ ಒಂದೇ: ಬೆನ್ನು ಮುಂದೆ, ಅಂಚು ಹಿಂದೆ. ಕತ್ತಿಯನ್ನು ಪೂರ್ತಿ ಮಲಗಿಸಿ, ಬೆನ್ನೂ ಅಂಚೂ ಎರಡೂ ಪಟ್ಟಿಗೆ ತಾಗಿರುವಂತೆ, ಬೆನ್ನಿನ ದಿಕ್ಕಿಗೆ ತಳ್ಳಬೇಕು. ತುದಿ ಬಂದಾಗ ಬೆನ್ನಿನ ಮೇಲೆ ಹೊರಳಿಸಿ ವಾಪಸ್ ಎಳೆಯಬೇಕು. ಅಂಚಿನ ಮೇಲೆ ಹೊರಳಿಸಿದರೆ ಪಟ್ಟಿ ಕೊಯ್ದುಹೋಗುತ್ತದೆ, ಕತ್ತಿಯ ಹರಿತವೂ ಹೋಗುತ್ತದೆ. ಬಟ್ಟೆಯ ಮೇಲೆ ಇಪ್ಪತ್ತು ಮೂವತ್ತು ಸಲ, ಚರ್ಮದ ಮೇಲೆ ನಲವತ್ತು ಐವತ್ತು ಸಲ ಹೋಗಿ ಬಂದರೆ ಸಾಕು. ಸಿನಿಮಾದಲ್ಲಿ ತೋರಿಸುವಂತೆ ಪಟಪಟ ಸದ್ದು ಮಾಡಬೇಕಿಲ್ಲ. ವೇಗದಿಂದ ಏನೂ ಬರುವುದಿಲ್ಲ. ಪಟ್ಟಿ ಸಡಿಲ ಬಿಟ್ಟರೆ ಅಂಚು ದುಂಡಗಾಗುತ್ತದೆ, ಆಗ ಎಷ್ಟು ಮಸೆದರೂ ದಂಡ. ಮೊದಲ ತಿಂಗಳಲ್ಲಿ ಪಟ್ಟಿಗೆ ಗಾಯ ಆಗುವುದು ಬಹುತೇಕ ಖಾತ್ರಿ. ಅದಕ್ಕೆ ಅಗ್ಗದ ಪಟ್ಟಿ ತನ್ನಿ. ಒಳ್ಳೆಯದನ್ನು ಆಮೇಲೆ ತಂದರಾಯಿತು.

ಹರಿತ ನೋಡಲು ಹೆಬ್ಬೆರಳನ್ನು ಅಂಚಿನ ಉದ್ದಕ್ಕೆ ಎಳೆಯಬೇಡಿ. ಮುಂಗೈ ಮೇಲಿನ ಕೂದಲಿಗೆ, ಚರ್ಮದಿಂದ ತುಸು ಮೇಲೆ, ಕತ್ತಿ ತಾಗಿಸಿ. ಕೂದಲು ಬಗ್ಗದೆ ಪಟಕ್ಕನೆ ತುಂಡಾಗಬೇಕು. ಹೊಸ ಕತ್ತಿ ಡಬ್ಬಿಯಿಂದ ಬಂದ ಹಾಗೇ ಗಡ್ಡಕ್ಕೆ ಸಿದ್ಧವಿರುತ್ತದೆ ಎಂದುಕೊಳ್ಳಬೇಡಿ. ಎಷ್ಟೋ ಕತ್ತಿಗಳು ಕಾರ್ಖಾನೆಯ ಅಂಚಿನಲ್ಲೇ ಬರುತ್ತವೆ, ಮೊದಲು ಕಲ್ಲು ಕಾಣಬೇಕು. ಗಡ್ಡ ತೆಗೆಯುವಷ್ಟು ಸಾಣೆ ಹಾಕಿದ್ದೀರಾ ಎಂದು ಮಾರುವವರನ್ನು ಕೇಳಿಯೇ ಕೊಳ್ಳಿ.

ಗಡ್ಡ ನೆನೆಯಬೇಕು

ಒಣ ಗಡ್ಡದ ಮೇಲೆ ಯಾವ ಕತ್ತಿಯೂ ಸರಿಯಾಗಿ ಓಡುವುದಿಲ್ಲ. ಕೂದಲು ನೀರು ಕುಡಿದು ಮೆತ್ತಗಾಗಲು ಎರಡು ಮೂರು ನಿಮಿಷವಾದರೂ ಬೇಕು. ಸ್ನಾನ ಮಾಡಿಕೊಂಡು ಬಂದು ಕೂತರೆ ಅರ್ಧ ಕೆಲಸ ಆದಂತೆ. ಇಲ್ಲದಿದ್ದರೆ ಬಿಸಿನೀರಿನ ಟವೆಲ್ ಮುಖಕ್ಕೆ ಒತ್ತಿ ಹಿಡಿಯಿರಿ.

2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಮಜವಾದ ಪ್ರಶ್ನೆಗೆ ಉತ್ತರ ಪ್ರಕಟಿಸಿದರು. ಕೂದಲು ಬ್ಲೇಡಿನ ಉಕ್ಕಿಗಿಂತ ಸುಮಾರು 50 ಪಟ್ಟು ಮೆದು. ಆದರೂ ಬ್ಲೇಡ್ ಯಾಕೆ ಮೊಂಡಾಗುತ್ತದೆ? ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅಂಚು ಸುಮ್ನೆ ಸವೆದಿರಲಿಲ್ಲ, ಚಿಕ್ಕ ಚಿಕ್ಕ ಚಕ್ಕೆ ಎದ್ದಿತ್ತು. ಕೂದಲು ಕಡಿಯುವ ಮೊದಲು ಬಗ್ಗಿ, ಅಂಚಿಗೆ ಓರೆಯಾಗಿ ತಾಗಿದಾಗ, ಉಕ್ಕಿನೊಳಗೆ ಗಟ್ಟಿ ಮೆದು ಭಾಗಗಳು ಸೇರುವ ಕಡೆ ಚಕ್ಕೆ ಏಳುತ್ತದೆ ಎಂದು ಅವರು ತೋರಿಸಿದರು. ಅವರು ನೋಡಿದ್ದು ಬಿಸಾಡುವ ರೇಜರಿನ ಬ್ಲೇಡು. ನಮಗೆ ಅದರಿಂದ ಬೇಕಾದದ್ದು ಒಂದು ಮಾತು: ಬಗ್ಗುವ ಕೂದಲು ಅಂಚಿಗೆ ಒಳ್ಳೆಯದಲ್ಲ. ಕೂದಲು ನೆಟ್ಟಗೆ ನಿಲ್ಲಬೇಕು. ನಿಲ್ಲಿಸುವುದು ಒಂದು ನೊರೆ, ಇನ್ನೊಂದು ಎಳೆದು ಹಿಡಿದ ಚರ್ಮ.

ನೊರೆಗೆ ಬ್ರಷ್ ಮತ್ತು ಸೋಪು ಅಥವಾ ಟ್ಯೂಬಿನ ಕ್ರೀಮ್ ಬಳಸಿ. ಡಬ್ಬಿ ಒತ್ತಿದರೆ ಬುಸ್ಸೆಂದು ಬರುವ ಫೋಮಿನಲ್ಲಿ ಗಾಳಿ ಜಾಸ್ತಿ, ಜಾರಿಕೆ ಕಡಿಮೆ. ನೊರೆ ಗಟ್ಟಿಯಾಗಿಯೂ ಇರಬೇಕು, ಒದ್ದೆಯಾಗಿಯೂ ಇರಬೇಕು. ಬ್ರಷ್ ಎತ್ತಿದಾಗ ತುದಿ ನಿಂತು ಸ್ವಲ್ಪ ಬಾಗಿದರೆ ಹದ ಸರಿಯಾಗಿದೆ. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಎಷ್ಟು ತಿರುವಿದರೂ ನೊರೆ ಸತ್ತುಹೋಗುತ್ತದೆ ಎಂದು ಗೊಣಗುವವರಿಗೆ ಕಾರಣ ಬ್ರಷ್ಷಿನಲ್ಲಿಲ್ಲ, ನೀರಿನಲ್ಲಿದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಗಸಿಯಾಗುತ್ತವೆ. ಕುಡಿಯುವ ಆರ್‌ಒ ಫಿಲ್ಟರ್ ನೀರು ಒಂದು ಲೋಟ ಬಿಸಿ ಮಾಡಿಕೊಳ್ಳಿ, ಅಷ್ಟರಲ್ಲೇ ಇಡೀ ಗಡ್ಡಕ್ಕೆ ನೊರೆ ಬರುತ್ತದೆ.

ನೊರೆ ಹಚ್ಚುವ ಮೊದಲು ಇನ್ನೊಂದು ಕೆಲಸ. ಒಂದು ದಿನದ ಕುರುಚಲು ಗಡ್ಡದ ಮೇಲೆ ಬೆರಳಾಡಿಸಿ ನೋಡಿ. ನುಣ್ಣಗೆ ಹೋಗುವ ದಿಕ್ಕು ಕೂದಲಿನ ಓಟ, ಬೆರಳಿಗೆ ತಡೆಯುವುದು ಎದುರು ದಿಕ್ಕು. ಕೆನ್ನೆಯಲ್ಲಿ ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ. ಕುತ್ತಿಗೆಯಲ್ಲಿ ಮಾತ್ರ ಒಬ್ಬೊಬ್ಬರದ್ದು ಒಂದೊಂದು ಥರ. ಕೆಲವರಿಗೆ ಕೆಳಗಿನಿಂದ ಮೇಲಕ್ಕೆ, ಕೆಲವರಿಗೆ ಸುಳಿಯೇ ಇರುತ್ತದೆ. ಮೊದಲ ತಿಂಗಳು ಪೂರ್ತಿ ಕೂದಲಿನ ಓಟದ ದಿಕ್ಕಿಗೇ ಕತ್ತಿ ಹೋಗಬೇಕು. ಎದುರು ದಿಕ್ಕಿನ ಆಸೆ ಬೇಡ.

ಇನ್ನೊಂದು ಕೈ

ಮುಂದಿನ ಸಲ ಸಲೂನಿಗೆ ಹೋದಾಗ ಪಕ್ಕದ ಕುರ್ಚಿಯ ಕಡೆ ನೋಡಿ. ಕತ್ತಿ ಹಿಡಿದ ಕೈಯನ್ನಲ್ಲ, ಬರಿಗೈಯನ್ನು. ಅದು ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಕತ್ತಿ ಕೆನ್ನೆಗೆ ಬರುವ ಮೊದಲೇ ಹೆಬ್ಬೆರಳು ಕಿವಿಯ ಪಕ್ಕದ ಚರ್ಮವನ್ನು ಮೇಲಕ್ಕೆ ಎಳೆದಿರುತ್ತದೆ. ಕತ್ತಿ ಎರಡು ಬೆರಳಿನಷ್ಟು ಇಳಿಯುತ್ತದೆ, ನಿಲ್ಲುತ್ತದೆ. ಹೆಬ್ಬೆರಳು ಅಷ್ಟೇ ಕೆಳಗೆ ಸರಿದು, ಈಗ ತಾನೇ ಬೋಳಾದ ಜಾಗವನ್ನು ಒತ್ತಿ ಮತ್ತೆ ಎಳೆಯುತ್ತದೆ. ಮತ್ತೆ ಕತ್ತಿ. ಕೈ ಜಾರಿದರೆ ಬೆರಳನ್ನು ಟವೆಲ್ಲಿಗೆ ಒರೆಸಿಕೊಂಡು ಬರುತ್ತಾರೆ, ಕೆಲವರು ಪಟಿಕದ ಕಲ್ಲು ಮುಟ್ಟಿಕೊಳ್ಳುತ್ತಾರೆ. ಒದ್ದೆ ಪಟಿಕ ತಾಗಿದ ಬೆರಳು ಸೋಪಿನ ಚರ್ಮದ ಮೇಲೂ ಹಿಡಿತ ಬಿಡುವುದಿಲ್ಲ.

ಹೊಸಬರ ಗಮನವೆಲ್ಲ ಕತ್ತಿಯ ಮೇಲಿರುತ್ತದೆ, ಬರಿಗೈ ಸುಮ್ನೆ ಸಿಂಕಿನ ಅಂಚು ಹಿಡಿದು ನಿಂತಿರುತ್ತದೆ. ಗಾಯಗಳ ಮೂಲ ಅಲ್ಲೇ. ಸಡಿಲ ಚರ್ಮ ಅಲಗಿನ ಮುಂದೆ ಮಡಿಕೆಯಾಗಿ ಎದ್ದು ನಿಲ್ಲುತ್ತದೆ. ಅಂಚು ಕೂದಲಿನ ಜೊತೆ ಆ ಮಡಿಕೆಯನ್ನೂ ಕತ್ತರಿಸುತ್ತದೆ. ಚರ್ಮ ಬಿಗಿಯಾಗಿದ್ದರೆ ಅಲಗಿಗೆ ಸಿಗುವುದು ಸಪಾಟು ನೆಲ, ನೆಟ್ಟಗೆ ನಿಂತ ಕೂದಲು.

ಕೆನ್ನೆಗೆ: ಬಲಗೆನ್ನೆ ತೆಗೆಯುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು, ಕಿವಿಯ ಮೇಲ್ಭಾಗದ ಚರ್ಮವನ್ನು ಮೇಲಕ್ಕೆ ಎಳೆಯಿರಿ. ಕನ್ನಡಿಯಲ್ಲಿ ವಿಚಿತ್ರವಾಗಿ ಕಾಣುತ್ತೀರಿ, ಪರವಾಗಿಲ್ಲ. ದವಡೆಯ ಮೂಳೆ ಬಂದಾಗ ತಲೆಯನ್ನು ಆಚೆ ಬಾಗಿಸಿ, ಚರ್ಮವನ್ನು ಮೂಳೆಯಿಂದ ಮೇಲಕ್ಕೆ, ಕೆನ್ನೆಯ ಕಡೆ ಸರಿಸಿ. ಆಗ ಏಣಿನ ಮೇಲೆ ಕತ್ತಿ ಓಡಿಸಬೇಕಾಗುವುದಿಲ್ಲ, ಕೆಳಗಿನ ಚರ್ಮವೇ ಮೇಲಕ್ಕೆ ಬಂದಿರುತ್ತದೆ. ಕುತ್ತಿಗೆಗೆ ಗದ್ದ ಎತ್ತಿ, ಕತ್ತಿ ಹೋಗುವ ದಿಕ್ಕಿಗೆ ವಿರುದ್ಧವಾಗಿ ಎಳೆಯಿರಿ. ಗಂಟಲಗುಳಿಯ ಮೇಲೆ ಉಬ್ಬಿರುವ ಕಡೆ ಚರ್ಮವನ್ನು ಪಕ್ಕಕ್ಕೆ ಸರಿಸಿಕೊಂಡು ತೆಗೆಯುವುದೇ ಸುರಕ್ಷಿತ. ಗದ್ದಕ್ಕೆ ಕೆಳತುಟಿಯನ್ನು ಹಲ್ಲಿನ ಮೇಲೆ ಒಳಕ್ಕೆ ಎಳೆದುಕೊಳ್ಳಿ. ಮೀಸೆಯ ಜಾಗಕ್ಕೆ ಮೂಗಿನ ತುದಿಯನ್ನು ಎರಡು ಬೆರಳಲ್ಲಿ ಎತ್ತಿ, ಮೇಲ್ತುಟಿ ಕೆಳಕ್ಕೆಳೆಯಿರಿ.

ಇನ್ನು ಕತ್ತಿ ಹಿಡಿದ ಕೈ. ಹಿಡಿಯನ್ನು ಮೇಲಕ್ಕೆ ತೆರೆದು, ಅಲಗಿನ ಬುಡದ ಕುತ್ತಿಗೆಯಂಥ ಭಾಗದ ಮೇಲೆ ಮೂರು ಬೆರಳು, ಹಿಂದಿನ ಬಾಗಿದ ಬಾಲದ ಮೇಲೆ ಕಿರುಬೆರಳು, ಕೆಳಗಿನಿಂದ ಹೆಬ್ಬೆರಳು. ಮುಷ್ಟಿ ಕಟ್ಟಬಾರದು. ಅಲಗನ್ನು ಚರ್ಮದ ಮೇಲೆ ಪೂರ್ತಿ ಮಲಗಿಸಿ, ಆಮೇಲೆ ಬೆನ್ನನ್ನು ಮೆಲ್ಲಗೆ ಎತ್ತಿ. ಬೆನ್ನಿನ ದಪ್ಪದಷ್ಟು ಎತ್ತಿದರೆ ಹೊಸಬರಿಗೆ ಸಾಕು, ಎರಡು ದಪ್ಪ ದಾಟಬಾರದು. ಪುಸ್ತಕದ ಲೆಕ್ಕದಲ್ಲಿ ಇದನ್ನು 30 ಡಿಗ್ರಿ ಎನ್ನುತ್ತಾರೆ, ಆದರೆ ಕನ್ನಡಿ ಮುಂದೆ ಕೋನಮಾಪಕ ಹಿಡಿಯುವವರು ಯಾರು? ತೀರಾ ಮಲಗಿಸಿದರೆ ಕೂದಲು ಕಡಿಯದೆ ಎಳೆಯುತ್ತದೆ. ತೀರಾ ನಿಲ್ಲಿಸಿದರೆ ಚರ್ಮ ಹೆರೆಯುತ್ತದೆ. ಕೋನ ಸರಿ ಇದ್ದಾಗ ಸಣ್ಣಗೆ ಚರಚರ ಸದ್ದು ಕೇಳುತ್ತದೆ. ಫ್ಯಾನ್, ಹಾಡು ಎಲ್ಲ ಆರಿಸಿ, ಆ ಸದ್ದಿಗೆ ಕಿವಿ ಕೊಡಿ.

ಒತ್ತಡ ಬೇಡ. ಕತ್ತಿಯ ಭಾರವೇ ಕೆಲಸ ಮಾಡಲಿ. ಒಂದು ಸಲಕ್ಕೆ ಎರಡು ಮೂರು ಸೆಂಟಿಮೀಟರ್. ಕೂದಲು ಉಳಿಯಿತೆಂದು ನೊರೆ ಹೋದ ಜಾಗದ ಮೇಲೆ ಮತ್ತೆ ಎಳೆಯಬೇಡಿ, ಮೊದಲು ಬ್ರಷ್ ತಾಗಿಸಿ.

ಇಷ್ಟರಲ್ಲಿ ಯಾವುದನ್ನು ಮರೆತರೂ ಇದೊಂದನ್ನು ಮರೆಯಬೇಡಿ: ಕತ್ತಿ ಅಂಚಿನ ಉದ್ದಕ್ಕೆ, ಅಂದರೆ ಅಡ್ಡಡ್ಡ, ಎಂದೂ ಸರಿಯಬಾರದು. ಹಣ್ಣಾದ ಟೊಮೆಟೊ ಮೇಲೆ ಚಾಕು ಸುಮ್ಮನೆ ಇಟ್ಟರೆ ಸಿಪ್ಪೆ ತಡೆಯುತ್ತದೆ, ಅದೇ ಚಾಕುವನ್ನು ತುಸು ಹಿಂದಕ್ಕೆಳೆದರೆ ತಕ್ಷಣ ಒಳಗಿಳಿಯುತ್ತದೆ ಅಲ್ವಾ? ಚರ್ಮವೂ ಹಾಗೇ. ನೇರವಾಗಿ ಬರುವ ಅಂಚನ್ನು ಚರ್ಮ ತಾಳಿಕೊಳ್ಳುತ್ತದೆ, ಅಡ್ಡ ಜಾರುವ ಅಂಚಿಗೆ ಒಂದು ಕ್ಷಣ ಸಾಕು. ದೊಡ್ಡ ಗಾಯಗಳು ಆಗುವುದು ಹೀಗೆ. ಯಾರೋ ಬಾಗಿಲು ಬಡಿದಾಗ ತಿರುಗಿ ನೋಡಿದ್ದು, ಸೀನು ಬಂದದ್ದು, ಒದ್ದೆ ಬೆರಳು ಜಾರಿದ್ದು. ಅದಕ್ಕೆ ಕತ್ತಿ ಮುಖದ ಮೇಲಿರುವಾಗ ಮಾತು ಬೇಡ, ಫೋನ್ ಬೇಡ. ಸೀನು ಬರುವ ಸೂಚನೆ ಸಿಕ್ಕರೂ ಕೈ ಮೊದಲು ದೂರ ಹೋಗಲಿ. ಕತ್ತಿ ಕೈತಪ್ಪಿ ಬಿದ್ದರೆ ಬೀಳಲಿ, ಹಿಡಿಯಲು ಹೋಗಬೇಡಿ.

ಯಾವುದು ಮೊದಲು

ಮೊದಲ ದಿನ ಒಂದು ಕೆನ್ನೆ ಮಾತ್ರ. ಕಿವಿಯಿಂದ ದವಡೆಯವರೆಗಿನ ಸಪಾಟು ಜಾಗ. ಉಳಿದದ್ದು ದಿನದ ರೇಜರಿನಲ್ಲೇ ಮುಗಿಸಿ. ಅದು ಕೈಗೆ ಕೂತ ಮೇಲೆ ಇನ್ನೊಂದು ಕೆನ್ನೆ. ಇಲ್ಲಿ ಎರಡು ದಾರಿ: ಎಡಗೈಯಲ್ಲಿ ಕತ್ತಿ ಹಿಡಿಯುವುದು, ಅಥವಾ ಬಲಗೈಯನ್ನೇ ಮುಖದ ಅಡ್ಡಕ್ಕೆ ತರುವುದು. ಎಡಗೈ ಕಲಿಯುವುದೇ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಅಡ್ಡ ತಂದ ಕೈ ಕನ್ನಡಿಯನ್ನೇ ಮುಚ್ಚುತ್ತದೆ. ಇನ್ನೂ ಒಂದು ಗುಟ್ಟೆಂದರೆ ಎಡಗೈಗೆ ಹಳೆಯ ಕೆಟ್ಟ ಅಭ್ಯಾಸಗಳಿಲ್ಲ. ವರ್ಷಗಟ್ಟಲೆ ಕಾರ್ಟ್ರಿಡ್ಜ್ ರೇಜರ್ ಒತ್ತಿ ಒತ್ತಿ ಎಳೆದದ್ದು ಬಲಗೈ.

ಎರಡೂ ಕೆನ್ನೆ ಆದ ಮೇಲೆ ದವಡೆಯ ಕೆಳಗೆ, ಆಮೇಲೆ ಕುತ್ತಿಗೆ. ಗದ್ದ, ಮೀಸೆ ಕೊನೆಗೆ. ಗದ್ದದಲ್ಲಿ ಕೂದಲು ದಪ್ಪ, ಮೂಳೆ ದುಂಡು. ಎಲ್ಲರೂ ಒದ್ದಾಡುವುದು ಅಲ್ಲೇ. ಇಡೀ ಮುಖ ನಿರಾಳವಾಗಿ ಬರಲು ಕೆಲವು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಮದುವೆ, ಇಂಟರ್‌ವ್ಯೂ ಇರುವ ದಿನ ಈ ಕತ್ತಿ ಮುಟ್ಟಬೇಡಿ. ಅವಸರದ ಬೆಳಿಗ್ಗೆಯೂ ಬೇಡ. ಭಾನುವಾರ ಒಳ್ಳೆಯದು.

ಸಣ್ಣ ಗೀರು ಬಿದ್ದರೆ ತಣ್ಣೀರು, ಪಟಿಕ. ಪಟಿಕ ಉರಿದ ಜಾಗ ನೋಡಿಕೊಳ್ಳಿ. ಎಲ್ಲಿ ಜಾಸ್ತಿ ಉರಿಯಿತೋ ಅಲ್ಲಿ ಕೈ ಒತ್ತಿದೆ ಅಥವಾ ಕೋನ ಏರಿದೆ ಎಂದರ್ಥ. ಆಳದ ಗಾಯವಾದರೆ ಶುಚಿಯಾದ ಬಟ್ಟೆ ಒತ್ತಿ ಹಿಡಿಯಿರಿ, ಹತ್ತು ನಿಮಿಷ ತೆಗೆದು ತೆಗೆದು ನೋಡಬೇಡಿ. ಆಮೇಲೂ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಕೈ ನಡುಗುವವರು, ಮುಖದ ತುಂಬ ಮೊಡವೆ ಇರುವವರು ಈ ಹವ್ಯಾಸಕ್ಕೆ ಕೈ ಹಾಕದಿರುವುದೇ ವಾಸಿ. ಗುಂಗುರು ಗಡ್ಡದವರಿಗೆ ತೀರಾ ನುಣ್ಣಗೆ ತೆಗೆದರೆ ಕೂದಲು ಚರ್ಮದೊಳಗೇ ಬೆಳೆದು ಗುಳ್ಳೆಯೇಳುತ್ತದೆ. ಅವರು ಕೂದಲಿನ ಓಟದ ದಿಕ್ಕಿಗೆ ಒಂದೇ ಸುತ್ತು ತೆಗೆದು ನಿಲ್ಲಿಸಬೇಕು.

ಮುಗಿದ ಮೇಲೆ

ತೊಳೆಯುವಾಗ ಅಂಚು ನಲ್ಲಿಗೆ ತಾಗದಂತೆ ನೋಡಿಕೊಳ್ಳಿ. ಒಂದು ಸಲ ಟಣ್ ಎಂದರೆ ಕಲ್ಲಿನ ಕೆಲಸ ಗ್ಯಾರಂಟಿ. ಬೆನ್ನಿನಿಂದ ಅಂಚಿನ ಕಡೆಗೆ ಒರೆಸಿ, ಅರ್ಧ ಗಂಟೆ ತೆರೆದೇ ಇಡಿ, ಆಮೇಲೆ ಮಡಚಿ. ಬಾತ್‌ರೂಮಿನಲ್ಲಿ ಇಡಬಾರದು. ಒಳ್ಳೆಯ ಕತ್ತಿಗಳಲ್ಲಿ ಹೆಚ್ಚಿನವು ಕಾರ್ಬನ್ ಉಕ್ಕಿನವು, ತುಕ್ಕಿಗೆ ತಡವೇ ಇಲ್ಲ. ಮಂಗಳೂರು, ಕಾರವಾರದ ಕಡೆ ಮಳೆಗಾಲದಲ್ಲಿ ಒಂದು ವಾರ ಬಳಸದೆ ಇಟ್ಟರೂ ಕಂದು ಚುಕ್ಕೆ ಕಾಣಬಹುದು. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸವರಿ. ತೆಂಗಿನೆಣ್ಣೆ ಬೇಡ, ದಿನ ಕಳೆದಂತೆ ಕಮಟಾಗಿ ಅಂಟುತ್ತದೆ. ಮಕ್ಕಳಿರುವ ಮನೆಯಲ್ಲಿ ಬೀಗ ಇರುವ ಜಾಗದಲ್ಲಿಡಿ. ವಿಮಾನದಲ್ಲಿ ಹೋಗುವಾಗ ಕೈಚೀಲಕ್ಕೆ ಹಾಕಿದರೆ ಸೆಕ್ಯುರಿಟಿಯಲ್ಲೇ ಕತ್ತಿಗೆ ವಿದಾಯ ಹೇಳಬೇಕಾಗುತ್ತದೆ.

ಪಟ್ಟಿಯ ಮೇಲೆ ಎಷ್ಟು ಮಸೆದರೂ ಗಡ್ಡ ಎಳೆಯಲು ಶುರುವಾದರೆ ಕಲ್ಲಿಗೆ ಹೋಗುವ ಹೊತ್ತು ಬಂದಿದೆ. ಆಗ ಬೀದಿಯಲ್ಲಿ ಸೈಕಲ್ ಚಕ್ರ ತಿರುಗಿಸುತ್ತ ಚಾಕು, ಕತ್ತರಿ ಸಾಣೆ ಹಿಡಿಯುವವರಿಗೆ ಮಾತ್ರ ಕೊಡಬೇಡಿ. ಅವರ ಕೆಲಸ ಅಡುಗೆಮನೆಯ ಚಾಕುವಿಗೆ ಸರಿ. ತಿರುಗುವ ಕಲ್ಲಿನ ಬಿಸಿಗೆ ತೆಳು ಅಂಚಿನ ಹದ ಹೋಗುತ್ತದೆ, ಅಲಗಿನ ಆಕಾರವೂ ಕೆಡುತ್ತದೆ. ಕ್ಷೌರದ ಕತ್ತಿಗೆ ಬೇಕಾದದ್ದು ಸಪಾಟು ಕಲ್ಲು ಮತ್ತು ನೀರು. ಈ ಕತ್ತಿ ಮಾಡಿದವರ ಜಾಣತನ ಇಲ್ಲಿ ಕಾಣುತ್ತದೆ. ಬೆನ್ನು ಮತ್ತು ಅಂಚು ಎರಡನ್ನೂ ಕಲ್ಲಿಗೆ ತಾಗಿಸಿ ಮಲಗಿಸಿದರೆ ಕೋನ ತಾನಾಗಿಯೇ ಕೂರುತ್ತದೆ, ಸುಮಾರು 16-17 ಡಿಗ್ರಿ. ಕೈಯಲ್ಲಿ ಕೋನ ಹಿಡಿಯುವ ತಲೆನೋವೇ ಇಲ್ಲ. ಕಲ್ಲಿನ ಸಂಖ್ಯೆ ಹೆಚ್ಚಿದಂತೆ ಅದರ ಕಣ ನುಣುಪು. ಅಂಚು ಹಾಳಾಗಿದ್ದರೆ 1000ದ ಕಲ್ಲಿನಿಂದ ಶುರುಮಾಡಿ, 4000, 8000 ದಾಟಿ, 12000ದಲ್ಲಿ ಮುಗಿಸುತ್ತಾರೆ. ಬರೀ ಮೊಂಡಾಗಿದ್ದರೆ ಕೊನೆಯ ಒಂದೆರಡು ಕಲ್ಲು ಸಾಕು. ಈ ಕಲ್ಲುಗಳ ಬೆಲೆ ಕತ್ತಿಯ ಬೆಲೆಗೇ ಸಮ. ಹಾಗಾಗಿ ಮೊದಲ ವರ್ಷ ಗೊತ್ತಿದ್ದವರಿಂದ ಮಾಡಿಸಿಕೊಳ್ಳಿ. ಮಾಡಿಸಿದ ಅಂಚಿನಲ್ಲಿ ಗಡ್ಡ ತೆಗೆದು ಅಭ್ಯಾಸವಾದರೆ ಹರಿತ ಎಂದರೆ ಎಷ್ಟು ಎನ್ನುವುದು ಚರ್ಮಕ್ಕೆ ಗೊತ್ತಿರುತ್ತದೆ. ಆಮೇಲೂ ಕಲ್ಲಿನ ಕೆಲಸ ನಾವೇ ಕಲಿಯಬೇಕು ಅನ್ನಿಸಿದರೆ, ಹಳೆಯ ಅಗ್ಗದ ಕತ್ತಿಯೊಂದನ್ನು ಅದಕ್ಕೆಂದೇ ಇಟ್ಟುಕೊಳ್ಳಿ. ದಿನಾ ಮುಖಕ್ಕೆ ಹಿಡಿಯುವ ಕತ್ತಿ ಆ ಪ್ರಯೋಗಕ್ಕೆ ಬೇಡ.